ಈರುಳ್ಳಿ ಜಡೆ, ಗುಡ್ಡದ ಬಿಡಾರ

ಆ ಒಂದು ಚೌಕಾಸಿಗೆ ನನಗೆ ತಗುಲಿದ್ದು ಹಾಲು ಕರೆಯುವ ಒಂದು ಎಮ್ಮೆ, ಎರಡು ಮುಡಿ ಅಕ್ಕಿ ಮತ್ತು ಅಕ್ಕ. ಎಮ್ಮೆ ಹೋದದ್ದು ಊರ ದೇವಿಯ ಹೆಸರಿಗೆ. ಅಕ್ಕಿ ಹೋದದ್ದು ಬೇಲಿ ಕಾಯುವವರ ಗಂಜಿಗೆ. ಅಕ್ಕ ಹೋದದ್ದು ನಾನು ಆ ಚೌಕಾಸಿಯಲ್ಲಿ ಗೆದ್ದದ್ದರಿಂದ. ಸೋತಿದ್ದರೆ ಅವಳು ಅದೇ ದಿನ ಮೂರು ಗಂಟೆಯ ಬಸ್ಸಿಗೆ ಗಂಡನ ಊರಾದ ಕಾಯ್ಕಿಣಿಗೆ ವಾಪಸು ಹೋಗುತ್ತಿದ್ದಳು. ಅಲ್ಲಿ ಅವಳ ಓಣಿಯಲ್ಲಿ ಕಾಲರಾ ಹಿಡಿದವರನ್ನು ಸರಕಾರದ ವ್ಯಾನು ಭಟ್ಕಳದ ಆಸ್ಪತ್ರೆಗೆ ಒಯ್ದಿತ್ತು, ಹೆಚ್ಚಿನವರು ಎದ್ದು ನಡೆದೇ ಮನೆಗೆ ಬಂದರು ಎಂದು ಆಮೇಲೆ ತಿಳಿಯಿತು.

ಇದು ಅರವತ್ತರ ದಶಕ ಶುರುವಾದ ಹೊಸತರಲ್ಲಿನ ಮಾತು. ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಅಪ್ಪ ತೀರಿಹೋಗಿ, ಆಯಿ ಎಂದು ನಾನು ಕರೆಯುತ್ತಿದ್ದ ಅಮ್ಮ ಮತ್ತು ನಾನು ಇಬ್ಬರೇ ಮನೆಯಲ್ಲಿ. ನಮ್ಮೂರು ಹೊನ್ನಾವರದ ಬಡಗಣಕ್ಕೆ, ಕರ್ಕಿಯಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ ಮೂವತ್ತು ಮನೆ. ನಾನು ಕುಮಟೆಯಲ್ಲಿ ಈರುಳ್ಳಿ ಕೊಂಡು ಭಟ್ಕಳದಲ್ಲಿ ಮಾರುತ್ತಿದ್ದೆ. ಕುಮಟೆಯ ಈರುಳ್ಳಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಖಾರ ಕಡಿಮೆ, ಸಿಹಿ ಹೆಚ್ಚು. ಒಣಗಿದ ಬಾಲಗಳನ್ನು ಹೆಣೆದು ಜಡೆ ಹಾಕಿ ಮಾರುತ್ತಾರೆ. ಮೊದಲು ತಲೆ ಮೇಲೆ ಹೊತ್ತೆ, ಆಮೇಲೆ ಬಸ್ಸಿನ ಟಾಪಿಗೆ ಹಾಕಿದೆ, ಆ ವರ್ಷ ಅರ್ಧ ಲಾರಿ ಹಿಡಿಯುವಷ್ಟಕ್ಕೆ ಬೆಳೆದಿದ್ದೆ. ಯಾರೂ ನನ್ನ ಕೈ ಹಿಡಿದು ಮೇಲೆತ್ತಲಿಲ್ಲ. ಹಾಗಾಗಿ ಯಾರ ಮಾತನ್ನೂ ಕೇಳಬೇಕಾಗಿಲ್ಲ ಎಂದು ತಿಳಿದಿದ್ದೆ.

ಭಟ್ಕಳದಲ್ಲಿ ಬೇಸಿಗೆ ಅಂದರೆ ಮದುವೆ, ಮದುವೆ ಅಂದರೆ ಈರುಳ್ಳಿ. ಆ ಸಲ ಸಾಮಾನು ಇಳಿಸುವ ಮೊದಲೇ, ಪ್ರತಿವರ್ಷ ನನ್ನಿಂದ ಕೊಳ್ಳುವ ನವಾಯತ ವ್ಯಾಪಾರಿ ಅಂಗಡಿಯ ಮೆಟ್ಟಿಲ ಮೇಲಿಂದಲೇ ಕೈಯಾಡಿಸಿದರು.

“ಅರೇ ಭಾಯಿ, ಮದುವೆಯೇ ಇಲ್ಲ, ಕಾಂದಾ ಯಾರಿಗೆ? ಕಾಲರಾ ಬಂದದೆ. ಎಲ್ಲ ಮುಂದೆ ಹಾಕಿದ್ದಾರೆ. ನಿನ್ನ ಜಡೆ ಒಯ್ದು ನಿನ್ನ ಹೆಂಡತಿಗೆ ಹಾಕು.”

“ಹೆಂಡತಿ ಇಲ್ಲ ಸಾಹೇಬ್ರೆ.”

“ಒಳ್ಳೇದಾಯ್ತು. ಒಂದು ಜೀವ ಉಳೀತು.”

ನಕ್ಕರು, ನಾನೂ ನಕ್ಕೆ. ಆದರೆ ಸಾಮಾನು ಸಾಮಾನೇ. ಶರಾವತಿ ದಾಟಿಸಿ ತಂದದ್ದನ್ನು ಮತ್ತೆ ಶರಾವತಿ ದಾಟಿಸಿ ಮನೆಗೆ ತಂದು, ಒಳಗೆ ಹೊರಗೆ ಎಲ್ಲ ಗಳಗಳಿಗೂ ತೂಗುಹಾಕಿದೆ. ಮನೆ ಈರುಳ್ಳಿ ಅಂಗಡಿಯ ಹಾಗೆ ನಾರತೊಡಗಿತು. ಇವನ್ನು ಏನು ಮಾಡುವುದು ಎಂದು ಜಗಲಿಯಲ್ಲಿ ಕುಳಿತಿದ್ದಾಗ ಪಕ್ಕದ ಮನೆಯ ಅಜ್ಜಿ ಎಲೆಯಡಿಕೆ ಕುಟ್ಟುತ್ತಾ ಬಂದಳು. ಸಣ್ಣಂದಿನಲ್ಲಿ ಪ್ಲೇಗು ಕಂಡು ಬದುಕಿ ಉಳಿದ ತಲೆ ನಮ್ಮೂರಲ್ಲಿ ಅವಳದೊಂದೇ.

“ಎಂತಾ ತಮಾ, ಈರುಳ್ಳಿ ತೋರಣ ಕಟ್ಟಿದೆ? ಪ್ಲೇಗು ಬಂತನಾ?”

“ಪ್ಲೇಗಿಗೂ ಈರುಳ್ಳಿಗೂ ಎಂತ ಅಜ್ಜಿ?”

“ಆಗ ಬಾಗಿಲು ಬಾಗಿಲಿಗೆ ಈರುಳ್ಳಿ ಕಟ್ತಿದ್ರು. ಕೆಟ್ಟ ಗಾಳಿನೆಲ್ಲ ಅದು ಕುಡೀತದೆ ಅಂತ. ಕುಡಿದು ಕಪ್ಪಾದ್ರೆ ತೆಗೆದು ಹೊಳೆಗೆ ಬಿಡೂದು.”

ನನ್ನ ಕಿವಿ ನೆಟ್ಟಗಾಯಿತು. ವ್ಯಾಪಾರಿಯ ಕಿವಿ ನಾಯಿಯ ಕಿವಿಯ ಹಾಗೆ, ಬೇಕಾದ ಸದ್ದಿಗೆ ಮಾತ್ರ ಏಳುತ್ತದೆ. ಅವಳಿಗೆ ಮತ್ತೊಂದು ಅಡಿಕೆ ಕೊಟ್ಟು ಕೂರಿಸಿದೆ. ಅವಳು ಹೇಳುತ್ತಾ ಹೋದಳು. ಇಲಿ ಬಿದ್ದರೆ ಅಡುಗೆಯನ್ನು ಒಲೆಯ ಮೇಲೆಯೇ ಬಿಟ್ಟು ಮನೆ ಬಿಡುತ್ತಿದ್ದರಂತೆ. ಸರಕಾರದವರು ಬಂದು ಹೆಂಚು ತೆಗೆದು ಒಳಗೆ ಬಿಸಿಲು ಬಿಟ್ಟು, ಬಾಗಿಲಿಗೆ ಡಾಂಬರಿನ ಗುರುತು ಹಾಕಿ ಹೋಗುತ್ತಿದ್ದರಂತೆ. ಅದಕ್ಕೂ ಹಿಂದೆ, ಅವಳ ಅಜ್ಜಿಯ ಕಾಲದಲ್ಲಿ, ಸರಕಾರ ಇಲ್ಲ ಎಂತದೂ ಇಲ್ಲ. ಹರಕು ಮೊರ, ಮೋಟು ಪೊರಕೆ, ಹಳೆ ಸೀರೆ, ಒಂದು ಕೋಳಿ ಇವಿಷ್ಟನ್ನು ಬುಟ್ಟಿಗೆ ಹಾಕಿ, ಇದೇ ಮಾರಿ ಎಂದು ಹೆಸರಿಟ್ಟು, ಪಕ್ಕದ ಊರಿನ ಗಡಿಯಲ್ಲಿ ಇಟ್ಟು ಹಿಂತಿರುಗಿ ನೋಡದೆ ಓಡಿ ಬರುವುದು. ಆ ಊರವರು ಅದನ್ನು ಮುಂದಿನ ಊರಿನ ಗಡಿಗೆ ಸಾಗಿಸುವುದು.

“ಕಡೆಗೆ ಎಲ್ಲಿ ಹೋತದೆ ಅದು?”

“ಸಮುದ್ರಕ್ಕೆ ಹೋಗ್ಬೇಕು. ಆದ್ರೆ ನಡುವೆ ಯಾವನೋ ಕೋಳಿ ಸಾರು ಮಾಡಿ ತಿಂತಿದ್ದ. ನಮ್ಮೂರ ಮಾರಿ ಕುಮಟೆ ಬದಿಯವ್ರ ಹಿತ್ತಲಲ್ಲಿ ಮೊಟ್ಟೆ ಇಡ್ತಿತ್ತು.” ಅಜ್ಜಿ ಕೆಂಪು ವಸಡು ಬಿಟ್ಟು ನಕ್ಕಳು. “ನಾವು ಉಳಿದದ್ದು ಹಾಗೇಯ. ಯಾರಾದ್ರೂ ಸಾಯ್ಬೇಕು ತಮಾ, ಇಲ್ದಿದ್ರೆ ಯಾರೂ ಉಳಿಯೂದಿಲ್ಲ.”

ಇಷ್ಟು ಕೇಳಿದೆ. ಇನ್ನೂ ಏನೋ ಹೇಳುವವಳಿದ್ದಳು. ನನಗೆ ಈರುಳ್ಳಿಯ ಕತೆ ಸಿಕ್ಕಿತ್ತು, ಎದ್ದೆ.

ಮರುದಿನ ಹೊನ್ನಾವರ ಪೇಟೆಯಲ್ಲಿ, ಕರ್ಕಿಯಲ್ಲಿ, ನಮ್ಮೂರಲ್ಲಿ ಮನೆಮನೆಗೆ ಹೋಗಿ ಆ ಕತೆ ಹೇಳಿದೆ. ಜಡೆಯನ್ನು ಕೈಗೆ ಕೊಟ್ಟು ಕತೆ ಹೇಳಬಾರದು. ಕತೆ ಹೇಳಿ ಮುಗಿಸಿ, ಹೋಗಲು ಎದ್ದ ಹಾಗೆ ಮಾಡಿ, ಆಮೇಲೆ ಜಡೆ ತೋರಿಸಬೇಕು. ಇಮ್ಮಡಿ ಬೆಲೆಗೆ ಹೋಯಿತು. ಹೋಗದ ಕಡೆ ಅಜ್ಜಿಯ ಹೆಸರು ಹೇಳಿದೆ: “ಕೇಳಿ ನೋಡಿ ಬೇಕಾದ್ರೆ, ಕಂಡವಳು ಇದ್ದಾಳೆ.” ಕೇಳಿಯೇ ಬಿಟ್ಟರು. ನಮ್ಮೂರಿನ ಯಜಮಾನರು ಅಜ್ಜಿಯನ್ನು ಅಂಗಳಕ್ಕೆ ಕರೆಸಿ, ಎಲ್ಲರನ್ನೂ ಸೇರಿಸಿ ಕೇಳಿದರು. ನಾನು ಈರುಳ್ಳಿಯಷ್ಟನ್ನೇ ಕಿತ್ತುಕೊಂಡಿದ್ದೆ. ಊರು ಪೂರ್ತಿ ಕತೆಯನ್ನು ತೆಗೆದುಕೊಂಡಿತು.

ಪೂರ್ತಿ ಕತೆ ಎಂದರೆ ‘ಊರ ಕಟ್ಟು’. ಊರ ಬಾಯಿಗೆ ಬಿದಿರು ಮುಳ್ಳಿನ ಬೇಲಿ. ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ಊರವರೇ ಆಗಿದ್ದು ಹೊರಗಿನಿಂದ ಬಂದರೆ, ಅಥವಾ ಒಳಗೆ ಯಾರಿಗಾದರೂ ರೋಗ ಬಂದರೆ, ಗುಡ್ಡದ ಮೇಲೆ ತೆಂಗಿನ ಮಡಲು ಹೊದಿಸಿದ ಬಿಡಾರದಲ್ಲಿ ಹದಿನೈದು ದಿನ. ಅವರ ಊಟವನ್ನು ಅರ್ಧ ಗುಡ್ಡದಲ್ಲಿರುವ ಚಪ್ಪಟೆ ಕಲ್ಲಿನ ಮೇಲೆ ಇಟ್ಟು, ಕೂ ಹಾಕಿ, ಹಿಂದೆ ಸರಿಯಬೇಕು. ಮೇಲಿನವರು ಮಾತಾಡಬಾರದು, ಕರಟ ಬಡಿಯಬೇಕು. ಒಂದು ಸಲ ಬಡಿದರೆ ಚೆನ್ನಾಗಿದ್ದೇನೆ ಎಂದು, ಎರಡು ಸಲ ಬಡಿದರೆ ರೋಗ ಹತ್ತಿದೆ ಎಂದು. ಎಲ್ಲಕ್ಕಿಂತ ಬಿಗಿಯಾದ ಕಟ್ಟು ಹೆಸರಿನದು. ಮೇಲಿದ್ದವರ ಹೆಸರನ್ನು ಕೆಳಗಿನವರು ಹಿಡಿಯಬಾರದು. ಅವರು ಹೆಸರು ಹಿಡಿದು ಕರೆದರೆ ಓ ಎನ್ನಬಾರದು. ಓ ಎಂದರೆ ರೋಗಕ್ಕೆ ಮನೆಯ ದಾರಿ ಗೊತ್ತಾಗುತ್ತದೆ. ನಾನು ಈ ಬರಹದಲ್ಲಿ ಯಾರ ಹೆಸರನ್ನೂ ಹಾಕಿಲ್ಲ, ನೋಡಿದಿರಲ್ಲ? ಅಂದಿನಿಂದ ನನಗೆ ಹೆಸರು ಹಿಡಿಯುವುದು ಕೈಬಿಟ್ಟು ಹೋಗಿದೆ.

ಬೇಲಿ ಹಾಕಿದ ದಿನ ನನಗೆ ಬೇಜಾರೇನೂ ಆಗಲಿಲ್ಲ. ನಿಜ ಹೇಳುತ್ತೇನೆ, ಖುಷಿಯಾಯಿತು. ಬೇಲಿಯೇ ಅಂಗಡಿಯಾಯಿತು. ದಾರಿಯಲ್ಲಿ ಹೋಗುವ ಬೇರೆ ಊರವರು ಬೇಲಿ ನೋಡಿ ಹೆದರಿ ನಿಲ್ಲುತ್ತಿದ್ದರು, ಕೇಳುತ್ತಿದ್ದರು, ಕೊಳ್ಳುತ್ತಿದ್ದರು. ನಾನು ಕೋಲಿನ ತುದಿಗೆ ಜಡೆ ಸಿಕ್ಕಿಸಿ ಆಚೆ ಚಾಚುತ್ತಿದ್ದೆ, ಅವರು ಅರಿಶಿನ ನೀರಿನ ಕರಟಕ್ಕೆ ನಾಣ್ಯ ಹಾಕುತ್ತಿದ್ದರು.

ಎರಡನೆಯ ದಿನ ಮಧ್ಯಾಹ್ನ ಬೇಲಿಯಾಚೆ ಕೊಡೆ ಹಿಡಿದು, ಟ್ರಂಕು ಇಳಿಸಿ ನಿಂತವಳು ಅಕ್ಕ.

ಭಾವ ಕೆಲಸದ ಮೇಲೆ ಗೋವೆಯ ಕಡೆ ಹೋಗಿದ್ದ. ಅವಳ ಎಡಬಲದ ಮನೆಗಳಲ್ಲಿ ವಾಂತಿಭೇದಿ ಶುರುವಾಗಿತ್ತು. ತವರಿನಲ್ಲಿ ಕಟ್ಟು ಹಾಕಿದ್ದಾರೆ, ಅಲ್ಲಿ ಕ್ಷೇಮ ಎಂದು ಯಾರೋ ಬಸ್ಸಿನಲ್ಲಿ ಹೇಳುವುದು ಕೇಳಿ ಹೊರಟು ಬಂದಿದ್ದಳು. ಆ ಸುದ್ದಿಯನ್ನು ಬಸ್ಸಿನವರೆಗೆ ಮುಟ್ಟಿಸಿದ್ದೂ ನನ್ನ ಬಾಯಿಯೇ ಇರಬೇಕು.

ಯಜಮಾನರು ಬಂದರು. ಗದ್ದೆ, ತೋಟ ಎರಡೂ ಇದ್ದವರು. ನಾನು ಅವರೆದುರು ಚಪ್ಪಲಿ ಬಿಡುವುದನ್ನು ನಿಲ್ಲಿಸಿದ ಮೇಲೆ ನನ್ನನ್ನು ‘ಸಾವಕಾರ್ರು’ ಎಂದೇ ಕರೆಯುತ್ತಿದ್ದರು.

“ಸಾವಕಾರ್ರೆ, ಹೊರಗಿನವ್ರು ಒಳಗಿಲ್ಲ. ಈ ಕತೆ ಊರಿಗೆ ತಂದವ್ರು ನೀವೇ ಅಲ್ದಾ?”

“ಊರವರಾದ್ರೆ ಗುಡ್ಡದ ಬಿಡಾರ ಅಂತ ಅಜ್ಜಿ ಹೇಳಿದ್ದಾಳೆ. ಕಟ್ಟು ಅಂದ್ರೆ ಪೂರ್ತಿ ಕಟ್ಟು.”

“ಕೊಟ್ಟ ಹೆಣ್ಣು ಯಾವ ಊರವಳಾ? ಕಾಯ್ಕಿಣಿಯವಳು. ಅಲ್ಲೇ ಸಾಯ್ಲಿ, ಅಲ್ಲಿಯವ್ರು ಹೊರ್ತಾರೆ.”

ಬೇಲಿ ಕಾಯುತ್ತಿದ್ದ ನಾಲ್ವರು ನಕ್ಕರು. ಆಯಿ ಓಡಿ ಬಂದು ಮುಳ್ಳಿನ ಮೇಲೆ ಕೈಯಿಟ್ಟಳು, ಕೈ ಹರಿಯಿತು, ತೆಗೆಯಲಿಲ್ಲ. ನನಗೆ ಸಿಟ್ಟು ಬಂದದ್ದು ಆಯಿಯ ಕೈಗೆ ಅಲ್ಲ, ಆ ನಗುವಿಗೆ. ಚೌಕಾಸಿ ಶುರುಮಾಡಿದೆ. ಕಾಯುವವರಿಗೆ ಹದಿನೈದು ದಿನದ ಗಂಜಿಗೆ ಒಂದು ಮುಡಿ ಅಕ್ಕಿ ಎಂದೆ. ಯಜಮಾನರು ಆಕಾಶ ನೋಡಿದರು. ಎರಡು ಮುಡಿ ಎಂದೆ. ತಲೆ ಕೆರೆದುಕೊಂಡರು. ದೇವಿಗೆ ಒಂದು ಎಮ್ಮೆ ಬಿಡುತ್ತೇನೆ ಎಂದೆ, ಕರೆಯುವ ಎಮ್ಮೆ.

“ಆತು,” ಎಂದರು ಯಜಮಾನರು. ಅಷ್ಟು ಬೇಗ.

ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಾಗಿತ್ತು.

ಬೇಲಿಯಾಚೆಯಿಂದ ಅಕ್ಕ ಹೇಳಿದಳು, “ತಮಾ, ನನ್ನ ಕೇಳದೆ ನನ್ನ ಎಂತಕ್ಕೆ ಮಾರ್ತಿದ್ದೆ? ನಾ ಮೂರು ಗಂಟೆ ಬಸ್ಸಿಗೆ ವಾಪಸು ಹೋಗ್ತೆ. ಆಯಿ ಮುಖ ನೋಡಿದ್ದಾತು.”

“ಸುಮ್ಗಿರು ಅಕ್ಕ. ಮಾತು ಮುಗೀತು. ಎಮ್ಮೆ ಕೊಟ್ಟಾತು.”

“ನೀ ಎಮ್ಮೆ ಕೊಟ್ಟೆ ಅಂತ ನಾ ಗುಡ್ಡ ಹತ್ತಬೇಕಾ?”

“ಹದಿನೈದೇ ದಿನ. ಇಳಿದು ಬಾ, ಮಾವಿನಹಣ್ಣಿನ ಹೊತ್ತಿಗೆ ನೀ ಮನೆಯಲ್ಲಿರ್ತೆ.”

ಅವಳು ಆಯಿಯ ಕೈ ನೋಡಿದಳು, ನನ್ನ ಮುಖ ನೋಡಿದಳು. “ನಿನ್ನ ಮರ್ಯಾದೆ ಭಾರಿ ತುಟ್ಟಿ ಮಾರಾಯಾ,” ಎಂದು ಟ್ರಂಕನ್ನು ತಾನೇ ತಲೆಗೇರಿಸಿಕೊಂಡು, ಬೇಲಿಯ ಹೊರಗಿನ ಕಾಲುದಾರಿಯಲ್ಲಿ ಗುಡ್ಡ ಹತ್ತಿದಳು. ಕಾಯುವವರಲ್ಲಿ ಒಬ್ಬ ದೂರದಿಂದ ಕೋಲು ತೋರಿಸುತ್ತಾ ದಾರಿ ಹೇಳಿದ, ದನ ಹೊಡೆದ ಹಾಗೆ.

ಬಿಡಾರವಿದ್ದ ಜಾಗ ಕೆಟ್ಟದ್ದೇನಲ್ಲ. ಗಾಳಿ ಚೆನ್ನಾಗಿ ಬೀಸುತ್ತಿತ್ತು. ಹತ್ತಿರದಲ್ಲೇ ಬಂಡೆಯ ಸಂದಿನಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಒರತೆ. ಪ್ಲೇಗಿನ ಕಾಲದ ಹಿರಿಯರು ಅದನ್ನು ಯೋಚಿಸಿಯೇ ಆರಿಸಿದ್ದರು: ಎತ್ತರ, ಇಲಿ ಹತ್ತುವಂಥ ಕಾಳುಕಡ್ಡಿ ಇಲ್ಲ, ನೀರು ಕೈಗೆಟಕುತ್ತದೆ. ನಾವು ಹಳೆಯ ಜಾಗಕ್ಕೇ ಹೊಸ ಮಡಲು ಹೊದಿಸಿದ್ದೆವು.

ಅಕ್ಕ ಗುಡ್ಡ ಹತ್ತಿದ ಮೊದಲ ದಿನ ಕರಟ ಒಂದು ಸಲ ಬಡಿಯಿತು. ಎರಡನೆಯ ದಿನವೂ ಒಂದು. ಎಮ್ಮೆ ಯಜಮಾನರ ಕೊಟ್ಟಿಗೆಯಲ್ಲಿ ಕಟ್ಟಿತ್ತು. ದೇವಿ ಹಾಲು ಕುಡಿಯುವುದಿಲ್ಲವಲ್ಲ, ಕರೆಯದಿದ್ದರೆ ಎಮ್ಮೆಗೆ ಕಷ್ಟ ಎಂದು ಅವರ ಮನೆಯವರೇ ಕರೆದುಕೊಂಡರು. ಅಜ್ಜಿ ನಮ್ಮ ಜಗಲಿಯಲ್ಲಿ ಕುಳಿತು ಲೆಕ್ಕ ಹೇಳುತ್ತಿದ್ದಳು.

“ಮೊದಲು ಬಡೀತಾರೆ, ಆಮೇಲೆ ಬೈತಾರೆ, ಕಡೆಗೆ ಹಾಡ್ತಾರೆ. ನಮ್ಮ ಆಯಿ ಮೇಲೆ ಹಾಡಿದ್ಲು. ನಾ ಪಕ್ಕದಲ್ಲೇ ಇದ್ದೆ. ಏಳೋ ಎಂಟೋ ವರ್ಷ ನನಗೆ. ಒಬ್ಬಳೇ ಇಳಿದು ಬಂದಾಗ ಊರವ್ರು ಸಗಣಿ ನೀರು ಹೊಯ್ದು ಒಳಗೆ ತಕಂಡ್ರು.”

“ಬಾಯಿ ಮುಚ್ಚು,” ಎಂದಳು ಆಯಿ. ಆಯಿ ಯಾರಿಗೂ ಹಾಗೆ ಹೇಳಿದವಳಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕರಟ ಎರಡು ಸಲ ಬಡಿಯಿತು.

ಆಯಿ ಗುಡ್ಡಕ್ಕೆ ಓಡಿದಳು. ಕಾಯುವವರು ಹಿಡಿದರು. ಒಬ್ಬನ ಮೊಣಕೈ ಕಚ್ಚಿದಳು, ರಕ್ತ ಬಂತು. ಆಮೇಲೆ ಅವಳನ್ನು ಮನೆಯೊಳಗೆ ಹಾಕಿ ಬಾಗಿಲು ಎಳೆದು, ಹೊರಗೆ ಒಬ್ಬನನ್ನು ಕೂರಿಸಿದರು. ಗಂಜಿ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಯಜಮಾನರು ಸ್ವಲ್ಪ ಹಿಂದೆ, ಕೊಡೆ ಹಿಡಿದು, ಕಟ್ಟು ಮುರಿಯುತ್ತೇನೋ ಎಂದು ನೋಡಲು ಬಂದರು. ನಾನು ಗಂಜಿಯ ಪಾತ್ರೆಯನ್ನು ಕಲ್ಲಿನ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ಈರುಳ್ಳಿ ಜಡೆ ಇಟ್ಟು ಕೂ ಹಾಕಿದೆ.

ಅಕ್ಕ ಬಿಡಾರದಿಂದ ಹೊರಗೆ ಬಂದಳು. ಗಳ ಹಿಡಿದು ನಿಂತಳು. ಒಂದೇ ದಿನದಲ್ಲಿ ಮುಖ ಒಳಗೆ ಹೋಗಿತ್ತು, ಕಣ್ಣು ಗುಳಿ ಬಿದ್ದಿತ್ತು. ನನ್ನನ್ನು ಸಣ್ಣಂದಿನಲ್ಲಿ ಅವಳೊಬ್ಬಳೇ ಕರೆಯುತ್ತಿದ್ದ ಒಂದು ಹೆಸರಿತ್ತು. ಆ ಹೆಸರು ಹಿಡಿದು ಕರೆದಳು.

ನಾನು ಓ ಎನ್ನಲಿಲ್ಲ.

ಮತ್ತೆ ಕರೆದಳು. “ನೀರು ಒಂದು ಚೂರು ಎತ್ತಿ ಕೊಟ್ಟು ಹೋಗಾ. ಒರತೆವರೆಗೆ ಹೋಗೂದಕ್ಕೆ ಕಾಲು ಬರ್ತಿಲ್ಲ.”

ಹಿಂದೆ ಯಜಮಾನರು ಕೆಮ್ಮಿದರು.

ಅಕ್ಕ ಅವರ ಕಡೆ ಒಮ್ಮೆ ನೋಡಿದಳು. ಆಮೇಲೆ ನಕ್ಕಳು. ಅವಳ ನಗು ಗುಡ್ಡದಲ್ಲಿ ಬೇರೆ ಥರ ಕೇಳಿತು. “ಈರುಳ್ಳಿ ಮಾರೂದಕ್ಕೆ ಬಾಯಿ ಅದೆ ನಿಂಗೆ, ಓ ಅನ್ನೂದಕ್ಕೆ ಇಲ್ಲ ಅಲ್ದಾ?”

ನಾನು ಹೆದರಿ ಇಳಿದು ಬಂದೆ ಎಂದು ಬರೆಯಬಹುದಿತ್ತು, ನೀವು ನಂಬುತ್ತಿದ್ದಿರಿ. ಹೆದರಿಕೆ ಇತ್ತು. ಆದರೆ ಅದಷ್ಟೇ ಅಲ್ಲ. ಹತ್ತಿದರೆ ಹದಿನೈದು ದಿನ ನಾನೂ ಮೇಲೆ ಇರಬೇಕು, ಕೆಳಗೆ ಇನ್ನೂ ಮುನ್ನೂರು ಜಡೆ ಉಳಿದಿವೆ ಎಂಬುದು ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇತ್ತು. ಹೊನ್ನಾವರದ ಆಸ್ಪತ್ರೆ ಅಲ್ಲಿಂದ ಒಂದು ಗಂಟೆಯ ದಾರಿ. ನಾಲ್ಕು ಜನ ಕಂಬಳಿಯಲ್ಲಿ ಹೊತ್ತರೆ ಮುಗಿಯುತ್ತಿತ್ತು. ಆದರೆ ಬೇಲಿ ದಾಟಿ ಹೋದವನು ಹದಿನೈದು ದಿನ ವಾಪಸು ಬರುವ ಹಾಗಿಲ್ಲ. ಅದನ್ನೂ ಲೆಕ್ಕ ಹಾಕಿದೆ.

ಮಧ್ಯಾಹ್ನ ಎರಡು ಸಲ ಬಡಿಯಿತು. ಸಂಜೆ ಎರಡು ಸಲ, ಆದರೆ ಎರಡರ ನಡುವೆ ಬಹಳ ಹೊತ್ತು. ಐದನೆಯ ದಿನ ಬಡಿಯಲಿಲ್ಲ. ನಾನಿಟ್ಟ ಗಂಜಿಯನ್ನು ಕಾಗೆ ಚೆಲ್ಲಿತ್ತು. ಕರಟ ನಿಂತ ಮೇಲೆ ಮೂರು ದಿನ ಯಾರೂ ಮೇಲೆ ಹೋಗಬಾರದು ಎಂದು ಅಜ್ಜಿ ಹೇಳಿದ್ದಳು, ಹಾಗಾಗಿ ಯಾರೂ ಹೋಗಲಿಲ್ಲ. ಆಯಿ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಳು. ಎರಡೆರಡು ಸಲ ಬಡಿಯುತ್ತಿದ್ದಳು.

ಆರನೆಯ ದಿನ ಊರೊಳಗೆ ಹಿಡಿಯಿತು. ಮೊದಲು ಬೇಲಿ ಕಾಯುವವನೊಬ್ಬನಿಗೆ, ಆಮೇಲೆ ಯಜಮಾನರ ಸೊಸೆಗೆ, ಸಂಜೆಯೊಳಗೆ ಐದು ಮನೆಗೆ. ಬಾಗಿಲ ಮೇಲಿನ ಈರುಳ್ಳಿಗಳು ಒಂದೂ ಕಪ್ಪಾಗಿರಲಿಲ್ಲ. ಜನ ನಮ್ಮ ಅಂಗಳಕ್ಕೆ ಬಂದರು. ಒಬ್ಬ ಜಡೆಯನ್ನು ನನ್ನ ಮುಖಕ್ಕೆ ಬೀಸಿ ಎಸೆದ.

“ಇವ ಮೇಲೆ ಹೋಗಿ ಮುಟ್ಟಿ ಬಂದಿದ್ದಾನೆ! ಅಕ್ಕನ ಎಂಜಲು ತಂದಿದ್ದಾನೆ!”

“ಮುಟ್ಟಲಿಲ್ಲ,” ಎಂದೆ. “ದೇವರಾಣೆ ಮುಟ್ಟಲಿಲ್ಲ. ಯಜಮಾನರನ್ನೇ ಕೇಳಿ.”

ನನ್ನ ಜೀವಮಾನದಲ್ಲಿ ನಾನು ಆಡಿದ ಅತ್ಯಂತ ಕೆಟ್ಟ ನಿಜ ಅದು. ಬಾಗಿಲ ಹಿಂದೆ ಆಯಿ ಕೇಳಿಸಿಕೊಂಡಳು.

ಏಳನೆಯ ದಿನ ಬೆಳಿಗ್ಗೆ ಹೊನ್ನಾವರದಿಂದ ಸರಕಾರದ ಹೆಲ್ತ್ ಇನ್ಸ್‌ಪೆಕ್ಟರು ಬಂದರು. ಧಾರವಾಡ ಕಡೆಯವರು. ಜೊತೆಗೆ ಬ್ಲೀಚಿಂಗ್ ಪೌಡರಿನ ಚೀಲ ಹೊತ್ತ ಒಬ್ಬ ಆಳು. ಬೇಲಿ ನೋಡಿ ಸೈಕಲ್ಲಿನಿಂದ ಇಳಿದರು.

“ಏನ್ರಿ ಇದು, ಲಗ್ನದ ಚಪ್ಪರಾ? ಮುಳ್ಳಿಂದ್ಯಾಕ ಹಾಕೀರಿ?”

ಕಾಯುವವನು ಕೋಲು ಅಡ್ಡ ಹಿಡಿದ. “ಹೊರಗಿನವ್ರು ಒಳಗಿಲ್ಲ. ಹದಿನೈದು ದಿನ ಅಲ್ಲೇ ನಿಲ್ಬೇಕು.”

“ನಾ ಹದಿನೈದು ದಿನ ನಿಂತ್ರ ನೀ ಇರ್ತೀಯೇನಪಾ?”

ಅಷ್ಟರಲ್ಲಿ ಯಜಮಾನರೇ ಓಡಿ ಬಂದರು, ಬರಿಗಾಲಲ್ಲಿ. ತಮ್ಮ ಕೈಯಿಂದಲೇ ಮುಳ್ಳು ಎಳೆದು ದಾರಿ ಮಾಡಿದರು. ಸೊಸೆ ಅವರ ಮನೆಯವಳಲ್ಲವೇ? ಆ ಬೇಲಿ ತೆಗೆಯಲು ಎಷ್ಟು ಹೊತ್ತು ಬೇಕು ಎಂದು ನಾನು ಆಗ ನೋಡಿದೆ: ಒಂದು ಬೀಡಿ ಸೇದುವಷ್ಟು ಹೊತ್ತೂ ಇಲ್ಲ.

ಇನ್ಸ್‌ಪೆಕ್ಟರು ಯಾರ ನಾಡಿಯನ್ನೂ ಹಿಡಿಯಲಿಲ್ಲ. “ನೀರು ಎಲ್ಲಿಂದ ತರ್ತೀರಿ?” ಎಂದರು. ಬಾವಿ ತೋರಿಸಿದೆವು. ಗುಡ್ಡದ ಬುಡದಲ್ಲಿ ಸರಕಾರ ಕೆಲವೇ ವರ್ಷದ ಹಿಂದೆ ತೋಡಿಸಿದ್ದು. ಬೇಸಿಗೆಯಲ್ಲಿ ನೀರು ಕೆಳಗೆ ಹೋಗುವುದರಿಂದ, ಮೇಲಿನ ಒರತೆಯ ನೀರನ್ನು ಸೀಳಿದ ಅಡಿಕೆಮರದ ದಬ್ಬೆಯಲ್ಲಿ ಇಳಿಸಿ ಬಾವಿಗೆ ಬಿಟ್ಟಿದ್ದೆವು. ಊರೆಲ್ಲ ಸೇರಿ ಮಾಡಿದ ಕೆಲಸ, ಹೆಮ್ಮೆಯ ಕೆಲಸ. ಇನ್ಸ್‌ಪೆಕ್ಟರು ಬಾವಿಯನ್ನು ನೋಡಿದರು, ಬಾವಿಗೆ ಬೀಳುತ್ತಿದ್ದ ಆ ಸಣ್ಣ ನೀರಿನ ಎಳೆಯನ್ನು ನೋಡಿದರು, ದಬ್ಬೆಯ ಜಾಡಿನಲ್ಲಿ ಕಣ್ಣು ಮೇಲೆ ಹತ್ತಿಸುತ್ತಾ ಹೋದರು.

“ಮ್ಯಾಲೆ ಅದೇನದು ಗುಡಿಸಲಾ?”

ನಾನೇ ಹೇಳಿದೆ.

ಹತ್ತಿದೆವು. ಅಕ್ಕ ಬಿಡಾರದಲ್ಲಿರಲಿಲ್ಲ. ತೆವಳುತ್ತಾ ಒರತೆಗೆ ಹೋಗಿದ್ದಳು, ಹೋದವಳು ಅಲ್ಲೇ ಉಳಿದಿದ್ದಳು. ಸೀರೆಯೆಲ್ಲ ನೀರಿನಲ್ಲಿತ್ತು. ಅವಳನ್ನು ಸುತ್ತಿಕೊಂಡು ನೀರು ದಬ್ಬೆಗೆ ಇಳಿಯುತ್ತಿತ್ತು. ಹೊಟ್ಟೆ ಕೆಟ್ಟಾಗಲೆಲ್ಲ ಅವಳು ತೊಳೆದುಕೊಂಡದ್ದು ಅಲ್ಲೇ, ಬೇರೆ ನೀರಾದರೂ ಎಲ್ಲಿತ್ತು? ನಾವು ಮೂರು ದಿನ ಅದನ್ನೇ ಕುಡಿದಿದ್ದೆವು. ಅವಳ ಊಟದ ಕಲ್ಲಿನಿಂದ ದೂರ ನಿಂತು, ಅವಳ ಹೆಸರು ಹಿಡಿಯದೆ, ಅವಳ ರೋಗವನ್ನು ಕೊಡದಲ್ಲಿ ಮನೆಗೆ ಹೊತ್ತಿದ್ದೆವು.

ಇನ್ಸ್‌ಪೆಕ್ಟರು ಬ್ಲೀಚಿಂಗ್ ಪೌಡರು ಸುರಿಸಿದರು. ರೋಗ ಹಿಡಿದವರನ್ನು ಅದೇ ದಿನ ಹೊನ್ನಾವರದ ಆಸ್ಪತ್ರೆಗೆ ಹೊರಿಸಿದರು. ಬೇಲಿ ಕಾಯುತ್ತಿದ್ದವನು ದಾರಿಯಲ್ಲೇ ಸತ್ತ. ಯಜಮಾನರ ಸೊಸೆಗೆ ಬಾಟಲಿ ಬಾಟಲಿ ಸಲೈನು ಏರಿಸಿದರು, ನಾಲ್ಕೇ ದಿನದಲ್ಲಿ ಎದ್ದು ಕುಳಿತು ಉಪ್ಪಿನಕಾಯಿ ಕೇಳಿದಳು. ಅಕ್ಕನಿಗೆ ಹಿಡಿದ ರೋಗವೂ ಅದೇ.

ನಾನು ಅಜ್ಜಿಯ ಮನೆಗೆ ಹೋಗಿ ಕೂಗಾಡಿದೆ. ಬಿಡಾರದ ಜಾಗ ಹೇಳಿದ್ದು ನೀನು, ಕೆಳಗೆ ಬಾವಿ ಇದೆ ಎಂದು ತಿಳಿಯಲಿಲ್ಲವೇ ಎಂದೆ. ಅವಳು ಕುಟ್ಟಾಣಿ ನಿಲ್ಲಿಸಲಿಲ್ಲ.

“ನಮ್ಮ ಕಾಲದಲ್ಲಿ ಅಲ್ಲಿ ಬಾವಿ ಇರ್ಲಿಲ್ಲ. ಹೊಳೆ ಬದಿ ಹೊಂಡದ ನೀರು ತರ್ತಿದ್ರು. ಬಿಡಾರದ ನೀರು ಊರಿಗೆ ಮುಟ್ಟಬಾರದು ಅಂತ ಕಟ್ಟಿನಲ್ಲೇ ಇತ್ತು.”

“ಅದನ್ನು ಯಾಕೆ ಹೇಳಲಿಲ್ಲ?”

“ನೀ ಕೇಳಿದ್ದು ಈರುಳ್ಳಿ ಕತೆ. ಊರವ್ರು ಕೇಳಿದ್ದು ಬೇಲಿ ಕತೆ. ನೀರಿನ ಕತೆ ಯಾರು ಕೇಳಿದ್ರು?” ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಎಮ್ಮೆಯನ್ನು ವಾಪಸು ಕೇಳಲು ಹೋದೆ. ಹೌದು, ಹೋದೆ. ಯಜಮಾನರು ದೇವಿಗೆ ಕೊಟ್ಟದ್ದು ದೇವಿಯದು ಎಂದರು. ನಾನು ಬರಿಗೈಯಲ್ಲಿ ಬಂದಾಗ ಆಯಿ ಜಗಲಿಯಲ್ಲಿದ್ದಳು.

“ಎಮ್ಮೆ ಎಷ್ಟಕ್ಕೆ ಇಳೀತಾ?” ಎಂದಳು. ಅವಳು ನನ್ನ ಜೊತೆ ಆಡಿದ ಕಡೆಯ ಮಾತು ಅದು.

ಆಮೇಲೆ ಆಯಿ ಹನ್ನೊಂದು ವರ್ಷ ಬದುಕಿದಳು. ನನ್ನ ಮನೆಯಲ್ಲೇ ಇದ್ದಳು. ನನ್ನ ಬಟ್ಟೆ ಒಗೆದಳು, ಅಡುಗೆ ಮಾಡಿದಳು, ನನ್ನ ಮದುವೆಗೆ ಅಕ್ಷತೆ ಹಾಕಿದಳು. ಆದರೆ ನಾನು ಆಯಿ ಎಂದು ಕರೆದರೆ ಒಂದು ದಿನವೂ ಓ ಎನ್ನಲಿಲ್ಲ. ನನ್ನ ಬಟ್ಟಲನ್ನು ಜಗಲಿಯ ತುದಿಯ ಕಲ್ಲಿನ ಮೇಲೆ ಇಡುತ್ತಿದ್ದಳು. ಇಟ್ಟು, ಒಂದು ಸಲ ಸಣ್ಣಗೆ ಕೂ ಹಾಕಿ, ಹಿಂದೆ ಸರಿಯುತ್ತಿದ್ದಳು. ಬಂದ ಹೊಸದರಲ್ಲಿ ನನ್ನ ಹೆಂಡತಿ ಅದನ್ನು ಮುದುಕಿಯ ತಮಾಷೆ ಎಂದುಕೊಂಡು ನಕ್ಕಿದ್ದಳು. ನಾನು ಎದ್ದು ಹೋಗಿ ಬಟ್ಟಲು ತೆಗೆದುಕೊಳ್ಳುತ್ತಿದ್ದೆ. ಆ ವಿಷಯದಲ್ಲಿ ಚೌಕಾಸಿ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ನನ್ನ ಹತ್ತಿರ ಬುದ್ಧಿವಾದ ಕೇಳಲು ಬರುವವರು ಇಂದಿಗೂ ಇದ್ದಾರೆ, ವ್ಯಾಪಾರಕ್ಕೂ, ಮನೆಗೂ. ನಿಮಗೂ ಹೇಳುತ್ತೇನೆ, ಇಟ್ಟುಕೊಳ್ಳಿ. ಊರಿಗೆ ರೋಗ ಬಂದಾಗ ಹಿರಿಯರ ಕಟ್ಟು ಅನುಸರಿಸುವುದಾದರೆ, ಹೇಳುವವರನ್ನು ಕೂರಿಸಿ ಕಡೆಯವರೆಗೆ ಕೇಳಿ. ನಿಮಗೆ ಬೇಕಾದ ತುಂಡು ಸಿಕ್ಕಿದ ಕೂಡಲೇ ಏಳಬೇಡಿ. ಆ ಕಟ್ಟು ಹುಟ್ಟಿದಾಗ ಊರಿನಲ್ಲಿ ಏನಿತ್ತು, ಏನಿರಲಿಲ್ಲ ಎಂದು ಕೇಳಿ. ಬೇಲಿ ಹಾಕುವ ಮೊದಲು ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂದು ಕಾಲಲ್ಲಿ ನಡೆದು ನೋಡಿ. ಕಾಯಿಲೆಯವರನ್ನು ಬೇರೆ ಇಡಬೇಕಾದರೆ ಇಡಿ, ತಪ್ಪಲ್ಲ. ಆದರೆ ಕೊಡ ಎತ್ತಿ ಕೊಡುವ ಒಬ್ಬರನ್ನು ಜೊತೆಗೆ ಇಡಿ, ಅವರ ನೀರು ನಿಮ್ಮ ಬಾವಿಗೆ ಬರದಂತೆ ನೋಡಿ. ನೀರು ಕುದಿಸಿ ಕುಡಿಯಿರಿ. ಭೇದಿ ಹಿಡಿದವರಿಗೆ ಉಪ್ಪು ಹಾಕಿದ ಗಂಜಿತಿಳಿಯನ್ನು ಬಿಡದೆ ಕುಡಿಸುತ್ತಾ ಆಸ್ಪತ್ರೆಗೆ ಹೊತ್ತೊಯ್ಯಿರಿ. ಸಂಜೆಯವರೆಗೆ ನೋಡೋಣ ಎನ್ನಬೇಡಿ. ಚೌಕಾಸಿಯಲ್ಲಿ ಎದುರಿನವನು ಥಟ್ಟನೆ ಒಪ್ಪಿದರೆ ನೀವು ತಪ್ಪು ಸಾಮಾನು ಕೊಂಡಿದ್ದೀರಿ ಎಂದು ತಿಳಿದು, ಕೊಟ್ಟದ್ದು ಹೋದರೂ ಸರಿ, ಅಲ್ಲಿಂದಲೇ ತಿರುಗಿ. ಯಾರ ಪರವಾಗಿ ಚೌಕಾಸಿ ಮಾಡುತ್ತಿದ್ದೀರೋ ಅವರು ಬೇಡ ಎಂದರೆ ಅದೇ ಕಡೆಯ ಮಾತು. ಮೂರು ಗಂಟೆಗೆ ಬಸ್ಸಿದೆ ಎಂದು ಅವರು ಹೇಳಿದರೆ ಟ್ರಂಕನ್ನು ನೀವೇ ಹೊತ್ತು ಬಸ್ಸಿಗೆ ಹಾಕಿ ಬನ್ನಿ.

ಈರುಳ್ಳಿಯನ್ನು ಜಡೆ ಬಿಚ್ಚದೆ, ಒಲೆಯಿಂದ ದೂರ, ಗಾಳಿಯಾಡುವ ಕಡೆ ತೂಗುಹಾಕಿ. ಮಳೆಗಾಲ ಮುಗಿಯುವವರೆಗೆ ಕೆಡುವುದಿಲ್ಲ. ಅದರಿಂದ ಆಗುವುದು ಅಷ್ಟೇ.